ಲೇಔಟಲ್ಲಿ ಹೊಸ ಲೈಬ್ರರಿ ಬ್ರಾಂಚ್ ಆಗ್ಬೇಕು ಅಂತಿದೀವಿ, ಎಲ್ಲಿಂದ ಶುರು ಮಾಡೋದು?

ಮೂಲೆಸೈಟ್_ಮೈಸೂರು

ಎಲ್ರಿಗೂ ನಮಸ್ಕಾರ. ಮೈಸೂರು ರಿಂಗ್ ರೋಡಿಂದ ಸ್ವಲ್ಪ ಆಚೆಗಿರೋ ಲೇಔಟ್ ನಮ್ದು, ಈಗ ಹೆಚ್ಚುಕಮ್ಮಿ ಎರಡು ಸಾವಿರ ಮನೆ ಆಗಿದೆ, ಪಕ್ಕದಲ್ಲಿ ಇನ್ನೂ ಎರಡು ಲೇಔಟ್ ಇದೆ, ಎಲ್ಲೂ ಒಂದು ಲೈಬ್ರರಿ ಅಂತ ಇಲ್ಲ. ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಅಂತ ಓದೋ ಹುಡುಗ್ರು ಬಸ್ ಹತ್ಕೊಂಡು ಸಿಟಿಗೆ ಹೋಗಿ ಬರ್ತಾರೆ, ಹೋದಷ್ಟೊತ್ತಿಗೆ ಅಲ್ಲಿ ಕೂರೋಕೆ ಜಾಗ ಇರಲ್ಲ. ವಯಸ್ಸಾದವ್ರು ಹಾಲಿನ ಬೂತ್ ಕಟ್ಟೆ ಮೇಲೆ ಒಂದೇ ಪೇಪರನ್ನ ನಾಲ್ಕು ಜನ ಹಂಚ್ಕೊಂಡು ಓದ್ತಾರೆ.

ಈಗ ನಮ್ಮ ನಿವಾಸಿಗಳ ಸಂಘದಲ್ಲಿ ವಿಷ್ಯ ಎದ್ದಿರೋದಕ್ಕೆ ಕಾರಣ ಏನಂದ್ರೆ, ಇಲ್ಲೇ ಇರೋ ರಿಟೈರ್ಡ್ ಪ್ರೊಫೆಸರ್ ಒಬ್ರು ತಮ್ಮ ಪುಸ್ತಕ ಎಲ್ಲಾ ಕೊಡ್ತೀನಿ ಅಂದಿದಾರೆ, ನಾಲ್ಕು ಸಾವಿರದ ಹತ್ರ ಇದೆಯಂತೆ, ಆದ್ರೆ ಅವರ ತಂದೆ ಹೆಸರಲ್ಲಿ ಬೇರೆ ರೂಮಲ್ಲೇ ಇಡ್ಬೇಕು ಅನ್ನೋದು ಷರತ್ತು. ಇನ್ನೊಬ್ರು ಕಟ್ಟಡಕ್ಕೆ ಒಳ್ಳೆ ಮೊತ್ತಾನೇ ಕೊಡ್ತೀನಿ ಅಂದ್ರು. ಎಮ್ಮೆಲ್ಲೆ ಕಡೆಯಿಂದ್ಲೂ ಜಾಗ ತೋರ್ಸಿ ಆಮೇಲೆ ನೋಡೋಣ ಅನ್ನೋ ಮಾತು ಬಂದಿದೆ. ದುಡ್ಡು ಹುಟ್ಟತ್ತೆ ಅಂತ ಗೊತ್ತಾದ ತಕ್ಷಣ ಜಗಳಾನೂ ಹುಟ್ಟಿದೆ ಬಿಡಿ. ಒಂದು ಗುಂಪು ಪಾರ್ಕ್ ಮೂಲೇಲಿ ಕಟ್ಟೋಣ ಅನ್ನತ್ತೆ, ಇನ್ನೊಂದು ಗುಂಪು ಸಮುದಾಯ ಭವನದ ಮೇಲೆ ಒಂದು ಫ್ಲೋರ್ ಏರ್ಸಿದ್ರೆ ಸಾಕು ಅನ್ನತ್ತೆ, 50/80ದು ಒಂದು ಸಿಎ ಸೈಟ್ (ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟಿರೋ ಜಾಗ) ಖಾಲಿ ಬಿದ್ದಿದೆ, ಅದ್ರಲ್ಲಿ ಈಗ ಕಾಂಗ್ರೆಸ್ ಗಿಡ ಬೆಳ್ದಿದೆ (ಪಾರ್ಥೇನಿಯಂ ಸ್ವಾಮಿ, ರಾಜಕೀಯ ಮಾತಾಡ್ತಿಲ್ಲ).

ಕೇಳ್ಬೇಕಿರೋದು ಇಷ್ಟೇ, ಯಾರ ಹತ್ರ ಹೋಗ್ಬೇಕು, ಎಷ್ಟು ದೊಡ್ದು ಬೇಕಾಗತ್ತೆ, ಎಷ್ಟು ಖರ್ಚು, ಕಟ್ಟಿದ್ಮೇಲೆ ನಡ್ಸೋದು ಸರ್ಕಾರಾನಾ ನಾವಾ? ಅನುಭವ ಇರೋರು ಹೇಳಿ.

ನಿವೃತ್ತ_ಗ್ರಂಥಪಾಲಕ

ಸ್ವಾಮಿ, ಮೊದಲು ಮನೆಗೆ ಹೋಗಿ ಈ ವರ್ಷದ ಕಂದಾಯದ ರಸೀದಿ ತೆಗೀರಿ. ತೆರಿಗೆ ಕೆಳಗೆ ಸೆಸ್ ಅಂತ ಮೂರು ಸಾಲು ಇರತ್ತೆ, ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಆ ಮಧ್ಯದ್ದು ನಿಮ್ಮದೇ ದುಡ್ಡು. ತೆರಿಗೆ ಐದು ಸಾವಿರ ಇರೋ ಮನೆಯವರು ವರ್ಷಕ್ಕೆ 300 ರೂಪಾಯಿ ಲೈಬ್ರರಿಗೆ ಅಂತ ಕಟ್ತಿದ್ದಾರೆ. ಎಲ್ಲಾ ಮನೇದೂ ಹೆಚ್ಚುಕಮ್ಮಿ ಅಷ್ಟೇ ಅಂತ ಇಟ್ಕೊಂಡ್ರೂ ಎರಡು ಸಾವಿರ ಮನೆಗೆ 6 ಲಕ್ಷ, ಪ್ರತಿ ವರ್ಷ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿದ್ದೇ ಈ ವ್ಯವಸ್ಥೆಗೆ, ಸ್ಥಳೀಯ ಸಂಸ್ಥೆ ತೆರಿಗೆ ಜೊತೆ ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಡ್ಬೇಕು. ಕೊಡೋದು ತಡ ಆಗತ್ತೆ, ಬಾಕಿ ಬೀಳತ್ತೆ, ಅದು ರಾಜ್ಯದಲ್ಲಿ ಹಳೇ ರಾಮಾಯಣ. ಆದ್ರೆ ನೀವು ಕಚೇರಿಗೆ ಹೋದಾಗ ದಾನ ಕೇಳೋಕೆ ಬಂದವರ ಥರ ಕೈಕಟ್ಟಿ ನಿಲ್ಬೇಕಾಗಿಲ್ಲ. ಸಂಘದ ಮನವಿ ಜೊತೆ ರಸೀದಿಗಳ ಜೆರಾಕ್ಸ್ ಒಂದು ಕಟ್ಟು ಇಡಿ. ಇಡೀ ವಾರ್ಡಿಂದ ಎಷ್ಟು ಸೆಸ್ ಬಂತು ಅನ್ನೋದನ್ನ ಆರ್‌ಟಿಐ ಹಾಕಿ ಬರವಣಿಗೇಲಿ ತಗೊಳ್ಳಿ.

ಮನವಿ ಕೊಡ್ಬೇಕಾಗಿರೋದು ನಗರ ಕೇಂದ್ರ ಗ್ರಂಥಾಲಯದ ಉಪನಿರ್ದೇಶಕರಿಗೆ. ಶಾಖೆ ತೆರೆಯೋ ತೀರ್ಮಾನ ನಗರ ಗ್ರಂಥಾಲಯ ಪ್ರಾಧಿಕಾರದ ಮುಂದೆ ಹೋಗತ್ತೆ, ಅದಕ್ಕೆ ಮೇಯರ್ ಅಧ್ಯಕ್ಷರು. ಅಂದ್ರೆ ಕಾರ್ಪೊರೇಟರ್ ಇದ್ದಾಗ ಕಾರ್ಪೊರೇಟರ್, ಇಲ್ಲದಾಗ ಆಡಳಿತಾಧಿಕಾರಿ, ಯಾರು ಕೂತಿದ್ದಾರೋ ಅವರ ಕಿವಿಗೂ ವಿಷಯ ಬಿದ್ದಿರ್ಬೇಕು. ಇನ್ನೊಂದು, ನಿಮ್ಮ ಲೇಔಟ್ ಪಾಲಿಕೆಗೆ ಹಸ್ತಾಂತರ ಆಗಿದ್ಯಾ ಇಲ್ಲ ಇನ್ನೂ ಗ್ರಾಮ ಪಂಚಾಯ್ತಿ ಖಾತೇಲಿದ್ಯಾ ನೋಡ್ಕೊಳ್ಳಿ. ಪಂಚಾಯ್ತಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಕೆಳಗೆ ಹೋಗಿವೆ, ಆಗ ಬಾಗಿಲೇ ಬೇರೆ, ಪಿಡಿಒ ಹತ್ರ ಹೋಗ್ಬೇಕು.

ಈಗ ಮುಖ್ಯ ಮಾತು. ಕಟ್ಟಡ ಆಮೇಲೆ. ಊರೂರಲ್ಲಿ ದಾನಿಗಳು ಚಂದದ ಕಟ್ಟಡ ಕಟ್ಟಿ, ಮಂತ್ರಿ ಕರ್ಸಿ ಟೇಪು ಕತ್ತರಿಸಿ, ಆರು ತಿಂಗಳಿಗೆ ಬೀಗ ಹಾಕಿರೋದು ನೋಡಿದ್ದೀನಿ. ಕಾರಣ ಒಂದೇ, ಬಾಗಿಲು ತೆಗೆಯೋಕೆ ಜನ ಇಲ್ಲ. ಹುದ್ದೆ ಮಂಜೂರಾಗಿರಲ್ಲ, ಇರೋ ಒಬ್ಬ ಸಹಾಯಕನಿಗೆ ಎರಡು ಶಾಖೆ ವಹಿಸಿರ್ತಾರೆ, ಬೆಳಿಗ್ಗೆ ಅಲ್ಲಿ ಸಂಜೆ ಇಲ್ಲಿ. ಆದ್ದರಿಂದ ಭೂಮಿಪೂಜೆಗೆ ಮುಂಚೆ ಇಲಾಖೆಯಿಂದ ಬರವಣಿಗೇಲಿ ನಾಲ್ಕು ವಿಷಯ ತಗೊಳ್ಳಿ, ಸಿಬ್ಬಂದಿ ಯಾರ ಸಂಬಳದಲ್ಲಿ, ಕರೆಂಟು ನೀರಿನ ಬಿಲ್ ಯಾರು, ಪೇಪರ್ ಮ್ಯಾಗಜಿನ್ ಯಾರು, ರಿಪೇರಿ ಯಾರು. ಈ ಪತ್ರ ಕೈಗೆ ಬರೋವರೆಗೂ ದಾನಿಗಳ ದುಡ್ಡು ಬ್ಯಾಂಕಲ್ಲೇ ಇರ್ಲಿ.

ಪ್ರೊಫೆಸರ್ ಪುಸ್ತಕದ ಬಗ್ಗೆ, ಷರತ್ತಿನ ಮೇಲೆ ತಗೋಬೇಡಿ. ಬೇರೆ ರೂಮು ಅಂದ್ರೆ ಬೇರೆ ಬೀಗ, ಬೇರೆ ಬೀಗ ಅಂದ್ರೆ ಯಾರೂ ಮುಟ್ಟದ ಪುಸ್ತಕ. ಅವರ ತಂದೆ ಹೆಸರು ಪ್ರತಿ ಪುಸ್ತಕದ ಒಳರಕ್ಷಾ ಪುಟದಲ್ಲಿ ಅಚ್ಚಾದ ಚೀಟಿಯಾಗಿ ಅಂಟಿಸ್ತೀವಿ, ಮನೆಮನೆಗೂ ಹೆಸರು ಹೋಗತ್ತೆ ಅಂತ ಹೇಳಿ ನೋಡಿ, ಬಹಳ ಜನ ಒಪ್ತಾರೆ. ಆಯ್ಕೆ ಮಾಡೋ ಹಕ್ಕು, ಹಳೇದಾದ್ರೆ ತೆಗೆಯೋ ಹಕ್ಕು ಎರಡೂ ಲೈಬ್ರರಿದೇ ಅಂತ ಮೊದಲೇ ಸ್ಪಷ್ಟ ಮಾಡ್ಕೊಳ್ಳಿ. ಇಲ್ಲಾಂದ್ರೆ ಲೇಔಟಲ್ಲಿ ಮನೆ ಖಾಲಿ ಮಾಡೋರೆಲ್ಲ ಹಳೇ ಸಿಇಟಿ ಗೈಡು ತಂದು ನಿಮ್ಮ ಬಾಗಿಲಲ್ಲಿ ಸುರೀತಾರೆ.

ಕಾಲಂಬೀಮ್

ನಾನು ಸ್ಟ್ರಕ್ಚರಲ್ ಇಂಜಿನಿಯರ್, ಹಾಸನ ಕಡೆ ಕೆಲಸ. ಜಾಗದ ಬಗ್ಗೆ ಮಾತ್ರ ಹೇಳ್ತೀನಿ ಯಾಕಂದ್ರೆ ಎರಡು ಗುಂಪೂ ತಪ್ಪು ದಾರೀಲಿದೆ.

ಪಾರ್ಕ್ ಮರೆತುಬಿಡಿ. ಪಾರ್ಕ್, ಆಟದ ಮೈದಾನ ಉಳಿಸೋಕೆ ಅಂತಲೇ 1985ರ ಕಾಯ್ದೆ ಇದೆ, ಲೈಬ್ರರಿ ಒಳ್ಳೇದು ಅನ್ನೋ ಕಾರಣಕ್ಕೆ ಪಾರ್ಕಲ್ಲಿ ಬಿಲ್ಡಿಂಗ್ ಎಬ್ಬಿಸೋಕೆ ಬಿಡಲ್ಲ. ಬೆಂಗಳೂರು ಸದಾಶಿವನಗರದಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗಾನ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋದ್ರು, 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ಸರಿ ಇಲ್ಲ ಅಂತ್ಲೇ ತೀರ್ಪು ಕೊಡ್ತು. ಆಸ್ಪತ್ರೆಗೇ ಆಗ್ಲಿಲ್ಲ. ನಿಮ್ಮ ಲೇಔಟಲ್ಲಿ ಬೆಳಿಗ್ಗೆ ವಾಕಿಂಗ್ ಮಾಡೋರಲ್ಲಿ ಒಬ್ರಾದ್ರೂ ವಕೀಲರು ಇದ್ದೇ ಇರ್ತಾರೆ, ಪಾಯ ತೆಗೆದ ಮಾರನೇ ದಿನ ಸ್ಟೇ ಬರತ್ತೆ.

ಸಮುದಾಯ ಭವನದ ಮೇಲೆ ಅನ್ನೋದು ಇನ್ನೂ ಅಪಾಯ. ಪುಸ್ತಕದ ತೂಕ ಜನಕ್ಕೆ ಅಂದಾಜಿರಲ್ಲ. ಮನೆ ಸ್ಲ್ಯಾಬನ್ನ ಚದರ ಮೀಟರಿಗೆ ಸುಮಾರು 200 ಕೆಜಿ ಲೋಡ್ ಹಿಡ್ದು ಡಿಸೈನ್ ಮಾಡ್ತೀವಿ, ಐಎಸ್ ಕೋಡ್ ಪ್ರಕಾರ ಪುಸ್ತಕದ ರ‍್ಯಾಕ್ ಇಡೋ ಜಾಗಕ್ಕೆ 600 ಕೆಜಿ, ರ‍್ಯಾಕ್ ಎತ್ತರ ಜಾಸ್ತಿಯಾದ್ರೆ ಇನ್ನೂ ಮೇಲೆ. ಮೂರು ಪಟ್ಟು ಆಯ್ತು. ಹಳೇ ಭವನದ ಕಾಲಂ, ಪಾಯ ಎಲ್ಲಾ ಏನು ಡಿಸೈನಲ್ಲಿದೆ ಅನ್ನೋ ಡ್ರಾಯಿಂಗೇ ಯಾರ ಹತ್ರನೂ ಇರಲ್ಲ. ಅದೂ ಅಲ್ದೆ ಮೆಟ್ಲು ಹತ್ತಿ ಪೇಪರ್ ಓದೋಕೆ ಯಾವ ಮಂಡಿನೋವಿನ ತಾತ ಬರ್ತಾರೆ, ಕೆಳಗೆ ಮದ್ವೆ ಆರ್ಕೆಸ್ಟ್ರಾ ಇದ್ದಾಗ ಮೇಲೆ ಯಾವ ಹುಡುಗ ಓದ್ತಾನೆ.

ಉಳಿದಿದ್ದು ಸಿಎ ಸೈಟ್. ನಾಗರಿಕ ಸೌಲಭ್ಯಗಳ ಪಟ್ಟೀಲಿ ಲೈಬ್ರರಿ ಇದೆ, ಇಲಾಖೆ ಹೆಸರಲ್ಲೇ ಕೇಳ್ಬಹುದು, ನೋಂದಾಯಿತ ಸಂಘನೂ ಗುತ್ತಿಗೆಗೆ ಅರ್ಜಿ ಹಾಕ್ಬಹುದು. ಸಂಘದ ಹೆಸರಲ್ಲಿ ತಗೊಂಡ್ರೆ ಗುತ್ತಿಗೆ ಹಣ ಕಟ್ಬೇಕು, ಕೊಟ್ಟ ಉದ್ದೇಶಕ್ಕೇ ಬಳಸ್ಬೇಕು. ಯಾರೂ ಕೇಳದೆ ಹೀಗೇ ಬಿಟ್ರೆ ನಾಳೆ ಬೇರೆ ಯಾವುದೋ ಸಂಸ್ಥೆ ತಗೊಂಡಿರತ್ತೆ, ಆಮೇಲೆ ಬೋರ್ಡ್ ನೋಡ್ಕೊಂಡು ಬೈಕೋಬೇಕಷ್ಟೇ.

ಮೂಲೆಸೈಟ್_ಮೈಸೂರು

ಇಬ್ರಿಗೂ ಥ್ಯಾಂಕ್ಸ್. ವಾಕಿಂಗ್ ಮಾಡೋ ವಕೀಲರು ನಮ್ಮಲ್ಲಿ ಇಬ್ರಿದಾರೆ 😀 ಲೇಔಟ್ ಪಾಲಿಕೆಗೆ ಸೇರಿದೆ, ರಸೀದಿಲಿ ಶೇ 6 ಇದೆ, ಈಗಷ್ಟೇ ನೋಡ್ದೆ, ಇಷ್ಟು ವರ್ಷ ಕಟ್ಟಿದ್ರೂ ಆ ಸಾಲು ಓದೇ ಇರ್ಲಿಲ್ಲ ನಾವ್ಯಾರೂ. ಸರ್ ಕಾಲಂಬೀಮ್ ಅವ್ರೇ, 50/80ರಲ್ಲಿ ಎಲ್ಲಾ ಗ್ರೌಂಡ್ ಫ್ಲೋರಲ್ಲೇ ಆಗತ್ತಾ? ಪುಸ್ತಕ ಸದ್ಯಕ್ಕೆ ನಾಲ್ಕು ಸಾವಿರ, ಮುಂದೆ ಹತ್ತು ಸಾವಿರ ಆಗ್ಬಹುದು ಅಂತ ಇಟ್ಕೊಳ್ಳಿ.

ವೈಫೈ_ಸಾಕು

ತಪ್ಪು ತಿಳ್ಕೋಬೇಡಿ ಆದ್ರೆ ಯಾಕೆ ಇಷ್ಟೆಲ್ಲಾ. ಈಗ ಎಲ್ಲಾ ಮೊಬೈಲಲ್ಲೇ ಇದೆ, ಸರ್ಕಾರದ್ದೇ ಡಿಜಿಟಲ್ ಲೈಬ್ರರಿ ಆ್ಯಪ್ ಇದೆ, ಫ್ರೀ. ಆ ದುಡ್ಡಲ್ಲಿ ಲೇಔಟಿಗೆ ಸಿಸಿ ಕ್ಯಾಮೆರಾ ಹಾಕ್ಸಿ, ಒಂದು ಜಿಮ್ ಮಾಡ್ಸಿ. ಲೈಬ್ರರಿಗೆ ಯಾರು ಬರ್ತಾರೆ ಈ ಕಾಲದಲ್ಲಿ.

ಸಪ್ತಾಪುರ_ಸೀಟು

ಯಾರ್ ಬರ್ತಾರ ಅಂತ ಕೇಳ್ತೀರಲ್ರಿ ಅಣ್ಣಾರ, ಒಮ್ಮೆ ಧಾರವಾಡಕ್ಕ ಬರ್ರಿ. ಇಲ್ಲಿ ಸಪ್ತಾಪುರದಾಗ ಓಣಿ ಓಣಿಗೆ ಪ್ರೈವೇಟ್ ಸ್ಟಡಿ ಲೈಬ್ರರಿ ಅದಾವ, ಹೆಸರಿಗೆ ಲೈಬ್ರರಿ, ಒಳಗ ಪುಸ್ತಕ ಇರಂಗಿಲ್ಲ, ತಿಂಗಳಿಗಿಷ್ಟು ಅಂತ ರೊಕ್ಕ ಕೊಟ್ರ ಒಂದ್ ಕುರ್ಚಿ ಒಂದ್ ಲೈಟು ಒಂದ್ ಪ್ಲಗ್ ಪಾಯಿಂಟ್ ಸಿಗತೈತಿ. ಬಿಜಾಪುರ, ಬಾಗಲಕೋಟಿ, ಗದಗ, ಕೊಪ್ಪಳ ಎಲ್ಲಾ ಕಡಿಂದ ಹುಡುಗ್ರು ಬಂದು ರೂಮ್ ಮಾಡ್ಕೊಂಡು ಅದಕ್ಕ ರೊಕ್ಕ ಕೊಡಾಕತ್ತಾರ. ಮನ್ಯಾಗ ಜಾಗ ಇಲ್ಲಂತ ಅಲ್ರಿ, ಒಂದ್ ರೂಮಿನ್ಯಾಗ ನಾಕ್ ಮಂದಿ ಇದ್ರ ಓದಾಕ ಆಗತೈತೇನ್ರಿ. ಸರ್ಕಾರಿ ಲೈಬ್ರರಿಯಾಗ ಫ್ರೀ ಐತಿ, ಆದ್ರ ಬಾಗಲಾ ತೆಗಿಯೂದ್ರಾಗ ಬಸ್ಸಿನ್ಯಾಗ ಟಾವೆಲ್ ಹಾಕಿದಂಗ ನೋಟ್‌ಬುಕ್ ಒಗದು ಸೀಟ್ ಹಿಡಿಬೇಕ್ರಿ. ಆ್ಯಪ್ ನಂಬಲ್ಯೂ ಐತಿ, ಆ್ಯಪಿನ್ಯಾಗ ಕುರ್ಚಿ ಬರಂಗಿಲ್ಲಲ್ರಿ.

ಮೈಸೂರಿನ ಸರ್‌ಗೆ ಒಂದ್ ಮಾತ್ರಿ. ಪ್ಲ್ಯಾನ್ ಹಾಕೂವಾಗ ನಮ್ಮಂಥ ಹುಡುಗ್ರಿಗೆ ಬ್ಯಾರೆ ಹಾಲ್ ಮಾಡ್ರಿ, ನಮ್ಮನ್ನ ಪೇಪರ್ ಓದೋ ಅಜ್ಜಾರ ಜೋಡಿ ಕುಂದ್ರಸಬ್ಯಾಡ್ರಿ. ಅವ್ರು ಪೇಪರ್ ಓದಿ ರಾಜಕಾರಣ ಮಾತಾಡ್ತಾರ, ಮಾತಾಡ್ಬೇಕು ಖರೇ, ಅದು ಅವ್ರ ಹಕ್ಕು, ನಮಗ ಮಾತ್ರ ತಲಿ ಕೆಡತೈತಿ. ಪ್ರತಿ ಟೇಬಲ್ಲಿಗೆ ಪ್ಲಗ್ ಪಾಯಿಂಟ್, ಕುಡಿಯೂ ನೀರು, ಸೈಕಲ್ ಬೈಕ್ ಹಚ್ಚಾಕ ಜಾಗ. ಎಲ್ಲಾಕಿಂತ ದೊಡ್ಡದು ಟೈಮ್ ರಿ. ಬಾಳ ಕಡೆ ಮುಂಜಾನೆ ಒಂದೀಟು ತೆಗದು ಮಧ್ಯಾನ್ಹ ಮುಚ್ಚಿ ಮತ್ತ ಸಂಜಿಕ ತೆಗಿತಾರ, ಸೋಮವಾರ ಬಂದ್, ಎರಡ್ನೇ ಮಂಗಳವಾರ ಬಂದ್. ನಡುವ ನಾವು ಬ್ಯಾಗ್ ಹಿಡ್ಕೊಂಡು ಗಿಡದ ಬುಡಕ ಕುಂದ್ರಬೇಕು. ಪುಸ್ತಕದ ಕೋಣಿ ಮುಚ್ಚಿದ್ರೂ ಓದೋ ಹಾಲ್ ಒಂದ್ ತೆರದಿರೂಹಂಗ, ಅದಕ್ಕ ಬ್ಯಾರೆ ಬಾಗಲಾ ಇಟ್ಟು ಕಟ್ಟಸ್ರಿ.

ಕಾಲಂಬೀಮ್

ಮೇಲೆ ಸಪ್ತಾಪುರದವರು ಹೇಳಿದ ಬೇರೆ ಬಾಗಿಲು ಒಳ್ಳೇ ಐಡಿಯಾ, ಪ್ಲ್ಯಾನಲ್ಲಿ ಮೊದ್ಲೇ ಬಂದ್ರೆ ಒಂದು ಗೋಡೆ ಒಂದು ಶಟರ್ ಖರ್ಚು ಅಷ್ಟೇ, ಆಮೇಲೆ ಒಡೆಯೋಕೆ ಹೋದ್ರೆ ಕಷ್ಟ. ಟಾಯ್ಲೆಟ್ಟೂ ಆ ಹಾಲ್ ಕಡೆ ಬರ್ಬೇಕು ಹಾಗಾದ್ರೆ.

ಲೆಕ್ಕ ಹೀಗೆ. ಮೂರಡಿ ಅಗಲದ ಎರಡೂ ಕಡೆಯಿಂದ ಪುಸ್ತಕ ಇಡೋ ಸ್ಟೀಲ್ ರ‍್ಯಾಕು, ಆರು ಅಂತಸ್ತು, ಒಟ್ಟು 36 ಅಡಿ ಉದ್ದ ಸಿಗತ್ತೆ. ಕನ್ನಡ ಪುಸ್ತಕ ತೆಳ್ಳಗಿರತ್ತೆ, ಅಡಿಗೆ ಹನ್ನೆರಡು ಅಂತ ಹಿಡೀರಿ, ಆದ್ರೆ ಪೂರ್ತಿ ತುಂಬ್ಬಾರ್ದು, ಮುಕ್ಕಾಲು ಭಾಗ ಮಾತ್ರ, ಇಲ್ಲಾಂದ್ರೆ ಹೊಸ ಪುಸ್ತಕ ಬಂದಾಗ್ಲೆಲ್ಲ ಇಡೀ ಸಾಲು ಸರಿಸ್ಕೊಂಡು ಕೂರ್ಬೇಕು. ಅಂದ್ರೆ ಒಂದು ರ‍್ಯಾಕಿಗೆ 320ರ ಹತ್ರ, ಹತ್ತು ಸಾವಿರಕ್ಕೆ ಮೂವತ್ತು ಚಿಲ್ಲರೆ ರ‍್ಯಾಕು. ನಡುವೆ ನಾಲ್ಕಡಿ ದಾರಿ ಬಿಡಿ, ವೀಲ್‌ಚೇರ್ ಹೋಗ್ಬೇಕು, ಬಗ್ಗಿ ಕೆಳಗಿನ ಸಾಲು ನೋಡೋರ ಹಿಂದೆ ಇನ್ನೊಬ್ರು ದಾಟ್ಬೇಕು. ಎಲ್ಲಾ ಸೇರಿ 7 ಚದರ (ಒಂದು ಚದರ ಅಂದ್ರೆ 100 ಚದರಡಿ). ಕೂತು ಓದೋಕೆ ಒಬ್ರಿಗೆ 25 ಚದರಡಿ ಹಿಡಿದ್ರೆ 40 ಸೀಟಿಗೆ 10 ಚದರ. ಮಕ್ಕಳಿಗೆ 3, ಕೌಂಟರ್ ಟಾಯ್ಲೆಟ್ ವರಾಂಡ ಎಲ್ಲಾ ಸೇರಿ 4. ಒಟ್ಟು 24 ಚದರ, ನಿಮ್ಮ 4,000 ಚದರಡಿ ಸೈಟಲ್ಲಿ ಸುತ್ತ ಬಿಡ್ಬೇಕಾದ ಸೆಟ್‌ಬ್ಯಾಕ್ ಜಾಗ ಬಿಟ್ಟೂ ಗ್ರೌಂಡ್ ಫ್ಲೋರಲ್ಲೇ ಕೂರ್ಸ್ಬಹುದು, ಸ್ವಲ್ಪ ಬಿಗಿ ಆಗತ್ತೆ. ಪಾಯ, ಕಾಲಂ ಮಾತ್ರ ಮುಂದೆ ಇನ್ನೊಂದು ಫ್ಲೋರ್ ತಡೆಯೋ ಹಾಗೆ ಈಗ್ಲೇ ಹಾಕ್ಸಿ. ಚದರಡಿಗೆ ಎರಡೂವರೆ ಸಾವಿರ ಅಂದ್ರೂ 60 ಲಕ್ಷ, ರ‍್ಯಾಕು ಟೇಬಲ್ಲು ಫ್ಯಾನು ಬೇರೆ. ಎಮ್ಮೆಲ್ಲೆ ನಿಧಿ ವರ್ಷಕ್ಕೆ 2 ಕೋಟಿ, ಇಡೀ ಕ್ಷೇತ್ರಕ್ಕೆ. ಅದ್ರಲ್ಲಿ ಒಂದು ಪಾಲು ಸಿಕ್ಕಿದ್ರೆ ಪುಣ್ಯ, ಪೂರ್ತಿ ಅವ್ರ ಮೇಲೆ ಹಾಕಿ ಕೂರ್ಬೇಡಿ.

ಇನ್ನು ಸಣ್ಣಪುಟ್ಟದು. ಪಶ್ಚಿಮದ ಗೋಡೆಗೆ ದೊಡ್ಡ ಕಿಟಕಿ ಬೇಡ, ಸಂಜೆ ಬಿಸಿಲಿಗೆ ಪುಸ್ತಕದ ಬೆನ್ನು ಬಿಳಚಿಕೊಳ್ಳತ್ತೆ, ಓದೋ ಟೇಬಲ್ಲು ಉತ್ತರದ ಕಿಟಕಿ ಕಡೆ ಬರ್ಲಿ, ಹಗಲು ಲೈಟೇ ಬೇಡ. ಪಾಯ ತೆಗೆದಾಗ್ಲೇ ಗೆದ್ದಲು ಔಷಧಿ ಹೊಡ್ಸಿ, ಕಟ್ಟಿ ಆದ್ಮೇಲೆ ಹೊಡ್ಸೋದು ಅರ್ಧ ಕೆಲಸ. ರ‍್ಯಾಕನ್ನ ಗೋಡೆಗೆ ಒತ್ತಿ ಇಡ್ಬೇಡಿ, ಅರ್ಧ ಅಡಿ ಬಿಟ್ರೆ ತೇವ ಹತ್ತಲ್ಲ. ರ‍್ಯಾಂಪ್ ಅಂತ ಎಲ್ರೂ ಬಾಯಲ್ಲಿ ಹೇಳ್ತಾರೆ, ಕೊನೆಗೆ ಸ್ಕೂಟರ್ ಹತ್ತಿಸೋ ಕಡಿದಾದ ಹಲಗೆ ಥರ ಕಟ್ಟಿರ್ತಾರೆ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ನಿಮ್ಮ ಪ್ಲಿಂತ್, ಅಂದ್ರೆ ಹೊರಗಿನ ನೆಲದಿಂದ ಒಳಗಿನ ನೆಲದ ಎತ್ತರ, ಎರಡಡಿ ಇದ್ರೆ 24 ಅಡಿ, ಅದಕ್ಕೆ ಸೈಟಲ್ಲಿ ಜಾಗ ಮೊದ್ಲೇ ಗುರುತು ಮಾಡ್ಕೊಳ್ಳಿ.

ಗಡಿನಾಡಿನವಳು

ನಾನು ಕಾಸರಗೋಡಿನ ಕಡೆಯವಳು. ನಿಮ್ಮ ಪ್ರಶ್ನೆಯಲ್ಲಿ "ಸರ್ಕಾರಾನಾ ನಾವಾ" ಅಂತ ಉಂಟಲ್ಲ, ನಮ್ಮಲ್ಲಿ ಅದಕ್ಕೆ ಉತ್ತರ ಎರಡೂ. ಇಲ್ಲಿ ಲೈಬ್ರರಿ ಅಂದ್ರೆ ಊರಿನವರೇ ಸೇರಿ ಮಾಡಿದ್ದು, ಸದಸ್ಯರ ಮಹಾಸಭೆ ಆಗ್ತದೆ, ಸಮಿತಿ ಚುನಾವಣೆಯಲ್ಲಿ ಆಯ್ಕೆ ಆಗ್ತದೆ, ಮತ್ತೆ ಅದು ಕೇರಳ ರಾಜ್ಯ ಲೈಬ್ರರಿ ಕೌನ್ಸಿಲಿಗೆ ಸೇರ್ಪಡೆ ಆಗಿರ್ತದೆ. ಕೌನ್ಸಿಲಿನವರು ಬಂದು ನೋಡಿ ಗ್ರೇಡ್ ಕೊಡ್ತಾರೆ, ಗ್ರೇಡಿನ ಮೇಲೆ ವರ್ಷದ ಗ್ರಾಂಟು, ಲೈಬ್ರೇರಿಯನ್‌ಗೆ ಗೌರವಧನವೂ ಅಲ್ಲಿಂದಲೇ. ಪಿ.ಎನ್. ಪಣಿಕ್ಕರ್ ಅವರು 1945ರಲ್ಲಿ ಗ್ರಂಥಶಾಲಾ ಸಂಘ ಕಟ್ಟಿ ಊರೂರು ತಿರುಗಿದ್ದರಿಂದ ಆದದ್ದು ಇದು, 1989ರ ಕಾಯ್ದೆ ಬಂದದ್ದು ಅದೆಲ್ಲಾ ಆದ ಎಷ್ಟೋ ವರ್ಷದ ಮೇಲೆ. ಅವರು ತೀರಿಹೋದ ಜೂನ್ 19ನ್ನು ಇಲ್ಲಿ ವಾಚನ ದಿನ ಅಂತ ಶಾಲೆಯಲ್ಲಿ ಮಾಡ್ತಾರೆ, ಕನ್ನಡ ಶಾಲೆಯಲ್ಲಿಯೂ.

ನಾನು ಹೇಳುವುದು ಏನಂದ್ರೆ, ಇಲಾಖೆಯ ಪತ್ರ ಬರುವವರೆಗೆ ಕಾಯುವುದು ಸರಿ, ಆದರೆ ಕೈ ಕಟ್ಟಿ ಕೂತುಕೊಳ್ಳುವುದು ಬೇಡ ಮಾರ್ರೆ. ಪತ್ರ ಬರುವಾಗ ಕೊಡ್ತೇನೆ ಅಂದ ದಾನಿಗಳೇ ಇರ್ಲಿಕ್ಕಿಲ್ಲ. ಸಮುದಾಯ ಭವನದ ಒಂದು ರೂಮಿನಲ್ಲಿಯೋ ಯಾರದಾದರೂ ಮನೆಯ ಔಟ್‌ಹೌಸಿನಲ್ಲಿಯೋ ಈಗಲೇ ಸುರು ಮಾಡಿ. ನೆಲದ ಮೇಲೆ ಚಾಪೆ, ಎರಡು ಕಪಾಟು, ಆರು ಪೇಪರು. ಯಾರು ಬರ್ತಾರೆ, ಯಾವ ಹೊತ್ತಿಗೆ ಬರ್ತಾರೆ, ಏನು ಕೇಳ್ತಾರೆ ಅಂತ ಬರೆದಿಡಿ. ಆಮೇಲೆ ಪ್ಲ್ಯಾನ್ ಮಾಡುವಾಗ 40 ಸೀಟು ಬೇಕಾ 20 ಸಾಕಾ ಅಂತ ಊಹೆ ಮಾಡುವುದು ಬೇಡ.

ಮತ್ತೊಂದು ಯಾರೂ ಹೇಳಲಿಲ್ಲ, ಹೆಂಗಸರು. ಲೈಬ್ರರಿ ಪಟ ನೋಡಿ ಯಾವುದಾದರೂ, ಪೇಪರಿನ ಮೇಜಿನ ಸುತ್ತ ಗಂಡಸರೇ. ಪ್ರತ್ಯೇಕ ಟಾಯ್ಲೆಟ್, ಅದೂ ಒಳಗಿನಿಂದ ಹೋಗುವ ಹಾಗೆ, ಕಟ್ಟಡದ ಹಿಂದುಗಡೆ ಕತ್ತಲೆಯಲ್ಲಿ ಅಲ್ಲ. ಗೇಟಿನಿಂದ ಬಾಗಿಲಿನವರೆಗೆ ಲೈಟು. ಮಕ್ಕಳ ಜಾಗ ಕೌಂಟರಿನ ಎದುರಿಗೇ ಇರಲಿ, ಮಕ್ಕಳನ್ನು ಕರೆದುಕೊಂಡು ಬಂದ ಅಮ್ಮನಿಗೂ ಅಲ್ಲೇ ಕೂತು ವಾರಪತ್ರಿಕೆ ತಿರುವಿ ಹಾಕಲಿಕ್ಕೆ ಒಂದು ಬೆಂಚು ಬೇಕು. ಮಕ್ಕಳ ಕಪಾಟು ಮೂರೂವರೆ ಅಡಿಗಿಂತ ಎತ್ತರ ಮಾಡಬೇಡಿ.

ನಿವೃತ್ತ_ಗ್ರಂಥಪಾಲಕ

ಗಡಿನಾಡಿನ ತಾಯಿ ಹೇಳಿದ್ದು ಒಪ್ಪೋ ಮಾತೇ, ಒಂದು ಎಚ್ಚರಿಕೆ ಮಾತ್ರ. ಕೇರಳದಲ್ಲಿ ಸಮಿತಿ ಬೆನ್ನಿಗೆ ಕೌನ್ಸಿಲ್ ಇದೆ, ವರ್ಷ ವರ್ಷ ಗ್ರಾಂಟ್ ಬರೋ ದಾರಿ ಕಾಯ್ದೇಲೇ ಇದೆ. ನಮ್ಮಲ್ಲಿ ಸೆಸ್ ದುಡ್ಡು ಹೋಗೋದು ಇಲಾಖೆಯ ಗ್ರಂಥಾಲಯಗಳಿಗೆ, ಸಂಘದವರು ಸ್ವಂತಕ್ಕೆ ನಡೆಸೋದಕ್ಕೆ ಆ ದುಡ್ಡು ಹಾಗೆ ಹರಿದು ಬರಲ್ಲ. ಕೊಲ್ಕತ್ತಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ಸ್ವಯಂಸೇವಾ ಸಂಸ್ಥೆಗಳ ಗ್ರಂಥಾಲಯಕ್ಕೂ ನೆರವು ಕೊಡತ್ತೆ, ಅರ್ಜಿ ಹಾಕಿ, ಆದ್ರೆ ಅದು ತಿಂಗಳ ಸಂಬಳ ಕೊಡೋ ವ್ಯವಸ್ಥೆ ಅಲ್ಲ. ಹಾಗಾಗಿ ಚಾಪೆ ಹಾಸಿ ಶುರು ಮಾಡಿ, ಖಂಡಿತ ಮಾಡಿ, ಶುರು ಮಾಡಿದ ದಿನದಿಂದ್ಲೇ ಇಲಾಖೆ ನಮೂನೇಲೇ ಪುಸ್ತಕ ದಾಖಲಿಸಿ. ಪರಿಗ್ರಹಣ ವಹಿ ಅಂತೀವಿ, ಪ್ರತಿ ಪುಸ್ತಕಕ್ಕೂ ಕ್ರಮಸಂಖ್ಯೆ, ಲೇಖಕ, ಪ್ರಕಾಶಕ, ವರ್ಷ, ಬೆಲೆ, ಎಲ್ಲಿಂದ ಬಂತು. ಕಂಪ್ಯೂಟರ್ ಬರೋ ಹುಡುಗ್ರಿದ್ರೆ ಕೊಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಉಚಿತ. ಇಲ್ಲಾ ಎಕ್ಸೆಲ್ಲಾದ್ರೂ ಸರಿ. ದಿನದ ಸಹಿ ಪುಸ್ತಕ ಬಿಡಬೇಡಿ. ಪ್ರಾಧಿಕಾರದ ಸಭೇಲಿ ನಿಮ್ಮ ಶಾಖೆ ವಿಷಯ ಬಂದಾಗ ಯಾರೋ ಒಬ್ಬರು "ಅಲ್ಲಿ ಯಾರು ಓದ್ತಾರೆ" ಅಂತ ಕೇಳೇ ಕೇಳ್ತಾರೆ, ಆಗ ಆ ಸಹಿ ಪುಸ್ತಕ ಮೇಜಿನ ಮೇಲಿಡಿ.

ಪುಸ್ತಕ ಕೊಳ್ಳೋದಕ್ಕೆ ಆತುರ ಬೇಡ. ಶಾಖೆ ಇಲಾಖೆದಾದ್ರೆ ಸಗಟು ಖರೀದಿ ಪುಸ್ತಕ ತಾನಾಗೇ ಬರತ್ತೆ, ಅದ್ರಲ್ಲಿ ಒಳ್ಳೇದೂ ಇರತ್ತೆ, ಯಾಕೆ ಕೊಂಡ್ರಪ್ಪಾ ಅನ್ನೋದೂ ಇರತ್ತೆ. ದಾನಿಗಳ ದುಡ್ಡಲ್ಲಿ ನೀವು ಆರಿಸಿ ಕೊಳ್ಳೋದು ಮಕ್ಕಳ ಪುಸ್ತಕ ಮತ್ತೆ ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ ಆಗ್ಲಿ, ಇವೆರಡೂ ಬೇಗ ಹರಿಯತ್ತೆ, ಬೇಗ ಹಳೇದಾಗತ್ತೆ, ಪ್ರತಿ ವರ್ಷ ಬದಲಾಯಿಸ್ಬೇಕು. ಕನ್ನಡ ಪುಸ್ತಕ ಪ್ರಾಧಿಕಾರದ ರಿಯಾಯಿತಿ ಮಾರಾಟ ಕಾದು ಕೊಂಡ್ರೆ ಅದೇ ದುಡ್ಡಿಗೆ ಜಾಸ್ತಿ ಬರತ್ತೆ. ಪುಸ್ತಕಾನ ಗಾಜಿನ ಬೀರುಲಿಟ್ಟು ಬೀಗ ಹಾಕೋದು ಮಾತ್ರ ಮಾಡಬೇಡಿ, ಕೈ ಹಾಕಿ ತೆಗೆಯೋ ಹಾಗಿರ್ಲಿ. ಪುಸ್ತಕ ಇರೋದು ಬಳಸೋಕೆ ಅಂತ ಗ್ರಂಥಾಲಯ ವಿಜ್ಞಾನದ ರಂಗನಾಥನ್ ಅವರು 1931ರಲ್ಲೇ ಮೊದಲನೇ ಸೂತ್ರ ಮಾಡಿಟ್ಟರು, ಅವರು ಕೊನೆಗಾಲ ಕಳೆದಿದ್ದು ಬೆಂಗಳೂರಲ್ಲೇ. ವರ್ಷಕ್ಕೆ ಒಂದಿಷ್ಟು ಪುಸ್ತಕ ಕಳೆಯತ್ತೆ, ಕಳೀಲಿ. ಓದೋನೇ ಕದ್ದಿರ್ತಾನೆ.

ವೈಫೈ_ಸಾಕು

ಸರಿ ಸರಿ ಒಪ್ದೆ, ಜಿಮ್ ಕ್ಯಾನ್ಸಲ್. ಆದ್ರೆ ವೈಫೈ ಇಡಿ, ಮತ್ತೆ ಕರೆಂಟ್ ಹೋದ್ರೆ ಯುಪಿಎಸ್. ಪೇಪರ್ ಖರ್ಚು ತಿಂಗಳಿಗೆ ಎಷ್ಟಾಗತ್ತೆ ಅಂತ ಯಾರಾದ್ರೂ ಹೇಳಿ, ಒಂದೆರಡು ಪೇಪರ್ ದುಡ್ಡು ನಾನೇ ಕೊಡೋಣ ಅಂತ.

ನಿವೃತ್ತ_ಗ್ರಂಥಪಾಲಕ

ಒಂದು ದಿನಪತ್ರಿಕೆಗೆ ತಿಂಗಳಿಗೆ ಇನ್ನೂರು ರೂಪಾಯಿ ಆಸುಪಾಸು ಹಿಡೀರಿ. ಕನ್ನಡ ಐದು, ಇಂಗ್ಲಿಷ್ ಎರಡು, ಉರ್ದು ಓದೋರಿದ್ರೆ ಒಂದು. ನಿಮ್ಮ ಮನೇಗೆ ಬರೋ ಪೇಪರನ್ನೇ ಓದಾದ್ಮೇಲೆ ತಂದುಕೊಡ್ತೀನಿ ಅನ್ಬೇಡಿ, ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಪೇಪರ್ ಅಲ್ಲಿರ್ಬೇಕು.

ಮೂಲೆಸೈಟ್_ಮೈಸೂರು

ಬಹಳ ಉಪಕಾರ ಆಯ್ತು ಎಲ್ರಿಂದ. ಭಾನುವಾರ ಸಂಘದ ಸಭೆ ಇದೆ, ನಾನು ಇಡೋ ಪ್ರಸ್ತಾಪ ಹೀಗೆ: ಪಾರ್ಕ್ ವಿಷ್ಯ ಕೈಬಿಡೋದು, ಸಿಎ ಸೈಟನ್ನ ಗ್ರಂಥಾಲಯ ಇಲಾಖೆ ಹೆಸರಿಗೇ ಕೊಡಿ ಅಂತ ರಸೀದಿ ಕಟ್ಟಿನ ಜೊತೆ ಅರ್ಜಿ, ಸಿಬ್ಬಂದಿ ಪತ್ರ ಬರೋವರೆಗೂ ಕಟ್ಟಡದ ದುಡ್ಡು ಮುಟ್ಟೋ ಹಾಗಿಲ್ಲ, ಅಷ್ಟರಲ್ಲಿ ಸಮುದಾಯ ಭವನದ ಕೆಳಗಿನ ಸ್ಟೋರ್ ರೂಮ್ ಖಾಲಿ ಮಾಡ್ಸಿ ಅಲ್ಲೇ ಶುರು. ಪ್ರೊಫೆಸರ್ ಹತ್ರ ಚೀಟಿ ಐಡಿಯಾ ಹೇಳ್ದೆ, ಯೋಚ್ನೆ ಮಾಡ್ತೀನಿ ಅಂದ್ರು, ಮುಖ ನೋಡಿದ್ರೆ ಪೂರ್ತಿ ಬೇಡ ಅನ್ನೋ ಥರ ಇರ್ಲಿಲ್ಲ. ಲೈಬ್ರರಿಗೆ ಯಾರ ಹೆಸರು ಇಡೋದು ಅಂತ ಈಗ್ಲೇ ವಾಟ್ಸಾಪ್ ಗ್ರೂಪಲ್ಲಿ ಮೂರು ಪಾರ್ಟಿ ಆಗಿದೆ, ಆ ಕಡೆ ನಾನು ತಲೆ ಹಾಕಲ್ಲ.

ಕೊನೇದೊಂದು, ಸ್ಟೋರ್ ರೂಮಿಗೆ ಸದ್ಯಕ್ಕೆ ಐದಾರು ರ‍್ಯಾಕು ಬೇಕು, ಹೊಸದು ತಗೊಂಡ್ರೆ ದುಬಾರಿ, ಸೆಕೆಂಡ್ ಹ್ಯಾಂಡ್ ಆಗತ್ತಾ?

ಕಾಲಂಬೀಮ್

ಆಗತ್ತೆ. ಆಫೀಸು, ಅಂಗಡಿ ಖಾಲಿ ಮಾಡೋರು ಗುಜರಿಗೆ ಹಾಕಿರ್ತಾರೆ, ಸ್ಲಾಟೆಡ್ ಆಂಗಲ್ ರ‍್ಯಾಕ್ ಅಂತ ಕೇಳಿ. ಹಲಗೆ ತಗಡಿನ ದಪ್ಪ ನೋಡಿ, ನಡುವೆ ಕೈಯಿಂದ ಒತ್ತಿದ್ರೆ ಬಗ್ಗೋದು ಬೇಡ, ಅಂಗಡಿ ಸಾಮಾನಿಗೆ ಮಾಡಿದ್ದು ಪುಸ್ತಕಕ್ಕೆ ತಡೆಯಲ್ಲ. ತುಕ್ಕು ಉಜ್ಜಿಸಿ ರೆಡ್ ಆಕ್ಸೈಡ್ ಹೊಡ್ದು ಮೇಲೆ ಪೇಂಟ್ ಮಾಡ್ಸಿ, ಮೇಲ್ಗಡೆ ಗೋಡೆಗೆ ಒಂದು ಕ್ಲಾಂಪ್ ಹಾಕ್ಸೋದು ಮರೀಬೇಡಿ, ಮಕ್ಕಳು ಹತ್ತೇ ಹತ್ತತ್ವೆ.